ಬರೆಯದ ಕಾಗದದ ಮೇಲಿನ ಹೆಬ್ಬೆಟ್ಟುಗಳು

ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಾನು ಊರಿನ ರಾಜಕೀಯದೊಳಗೆ ಕಾಲಿಟ್ಟವಳು. ಬೇರೆ ಯಾವ ಯೋಗ್ಯತೆಯೂ ನನಗಿರಲಿಲ್ಲ. ಮಡಿಕೇರಿಯ ಕಾನ್ವೆಂಟಿನಲ್ಲಿ ಓದಿದೆ, ಓದು ಮುಗಿದ ವರ್ಷವೇ ಮದುವೆಯಾಯಿತು, ನೆಲ್ಯಹುದಿಕೇರಿಯ ಹತ್ತಿರವಿದ್ದ ನಮ್ಮವರ ಸಣ್ಣ ಕಾಫಿ ತೋಟಕ್ಕೆ ಬಂದೆ. ಕಾನ್ವೆಂಟಿನಿಂದ ಜೊತೆಗೆ ತಂದದ್ದು ಕಸೂತಿಯ ಒಂದು ಡಬ್ಬಿ ಮತ್ತು ಗೆರೆ ಎಳೆಯದ ಕಾಗದದ ಮೇಲೂ ನೆಟ್ಟಗೆ ಬರೆಯುವ ಕೈ. ಸುತ್ತಲಿನ ಮನೆಯವರು ಮದುವೆ ಕಾಗದಕ್ಕೆ ವಿಳಾಸ ಬರೆಸಲು, ಡಾಕ್ಟರಿಗೆ ಚೀಟಿ ಬರೆಸಲು ಬರುತ್ತಿದ್ದರು. ಕೊಡಗು ಆಗ ತನ್ನದೇ ಒಂದು ರಾಜ್ಯ. ಮಡಿಕೇರಿಯಲ್ಲೇ ಮಂತ್ರಿಗಳು, ಮಡಿಕೇರಿಯಲ್ಲೇ ಶಾಸನಸಭೆ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ತಿರುಗಿ ಬರುವಷ್ಟು ಹತ್ತಿರದ ಸರ್ಕಾರ. ಅಷ್ಟು ಚಿಕ್ಕ ರಾಜ್ಯದಲ್ಲಿ ಚೆನ್ನಾಗಿ ಬರೆದ ಅರ್ಜಿ ತಲುಪಬೇಕಾದ ಮೇಜಿಗೆ ತಲುಪಿಯೇ ತಲುಪುತ್ತದೆ ಎಂದು ನಾನು ನಂಬಿದ್ದೆ.

ನಮ್ಮ ತೋಟದ ಪಕ್ಕದಲ್ಲಿ ಒಂದು ದೊಡ್ಡ ಎಸ್ಟೇಟು. ಅದರ ಧಣಿಗಳು ಬೇರೆ ಊರಿನವರು; ಮ್ಯಾನೇಜರು ಮತ್ತು ಲೆಕ್ಕ ಬರೆಯುವ ರೈಟರು ನೋಡಿಕೊಳ್ಳುತ್ತಿದ್ದರು. ಎಸ್ಟೇಟಿನ ಮೇಲಿನ ಏರಿನಲ್ಲಿ ಕೂಲಿಯವರ ಸಾಲುಮನೆಗಳಾದ ಲೈನುಗಳು, ಕೆಳಗೆ ಕಾವೇರಿ ಹೊಳೆ. ಲೈನಿನ ಬಾವಿ ಬೇಸಿಗೆ ಹುಟ್ಟುವ ಮೊದಲೇ ತಳ ಕಾಣುತ್ತಿತ್ತು. ಆಮೇಲೆ ಮಳೆ ಹಿಡಿಯುವವರೆಗೆ ಹೆಂಗಸರು ಕಾಫಿ ಗಿಡಗಳ ನಡುವಿನ ಒಂದು ಇಳಿಜಾರು ದಾರಿಯಲ್ಲಿ ಹೊಳೆಗೆ ಹೋಗಿ ನೀರು ತರುತ್ತಿದ್ದರು. ಆ ದಾರಿ ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಕಾಲುಗಳೇ ಮಾಡಿದ ದಾರಿ. ನಡುವೆ ಒಂದು ಬೀಟೆ ಮರದ ಬೇರು ಎಷ್ಟು ಪಾದ ತಾಗಿಸಿಕೊಂಡಿತ್ತೆಂದರೆ ನಮ್ಮ ಮನೆಯ ಹೊಸಿಲಿಗಿಂತ ನುಣುಪಾಗಿತ್ತು.

ಒಂದು ಡಿಸೆಂಬರಿನಲ್ಲಿ ಎಸ್ಟೇಟಿನವರು ಹೊಳೆಯ ಬದಿಗೆ ಹೊಸ ಕಾಫಿ ಹಾಕಿ ಮುಳ್ಳುತಂತಿ ಎಳೆದರು. ದಾರಿಗೆ ಅಡ್ಡವಾಗಿ ಗೇಟು ಬಂತು. ಮೊದಮೊದಲು ಗೇಟಿಗೆ ಬೀಗವಿರಲಿಲ್ಲ. ಬೀಗ ಬರುತ್ತದೆ ಎಂಬ ಸುದ್ದಿ ಮಾತ್ರ ಇತ್ತು. ಬೀಗ ಬಿದ್ದರೆ ಹೆಂಗಸರು ಬಸ್ಸಿನ ರಸ್ತೆ ಸುತ್ತಿ, ಊರವರೆಲ್ಲ ಹೊಳೆಗೆ ಇಳಿಯುವ ಕಡವಿಗೆ ಹೋಗಬೇಕು. ಅಲ್ಲಿ ಅವರು ಎಲ್ಲರ ಜೊತೆ ನಿಂತು ಕೊಡ ಅದ್ದುವಂತಿರಲಿಲ್ಲ. ಎಮ್ಮೆ ತೊಳೆಯುವ ಕೆಳಗಿನ ಬದಿಯಲ್ಲಿ, ಉಳಿದವರೆಲ್ಲ ತುಂಬಿಕೊಂಡ ಮೇಲೆ ತುಂಬಿಕೊಳ್ಳಬೇಕು. ಮೊದಲ ಚುನಾವಣೆಯಲ್ಲಿ ನಾನು ವೋಟು ಹಾಕಿದ ಸಾಲಿನಲ್ಲೇ ಅವರೂ ನಿಂತು ವೋಟು ಹಾಕಿದ್ದರು. ಪೆಟ್ಟಿಗೆಯ ಹತ್ತಿರ ಸಮ, ನೀರಿನ ಹತ್ತಿರ ಇಲ್ಲ.

ಒಂದು ಭಾನುವಾರ ಐದಾರು ಹೆಂಗಸರು ನಮ್ಮ ಹಿತ್ತಲಿಗೆ ಬಂದರು. ಮುಂದೆ ಇದ್ದವಳು ಮೈಸೂರು ಸೀಮೆಯಿಂದ ಕಾಫಿ ಕುಯ್ಯುವ ಪಿಕ್ಕಿಂಗಿಗೆ ಬಂದು ಇಲ್ಲೇ ನೆಲೆ ನಿಂತ ನಡುವಯಸ್ಸಿನ ಹೆಂಗಸು. ಲೈನಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು.

"ಅಮ್ಮಾವ್ರೇ, ನೀವು ಬರ್ದ್ರೆ ಕಾಗ್ದ ಮಾತಾಡ್ತದಂತೆ," ಎಂದಳು. "ನಮ್ ಹೊಳೆ ದಾರಿಗೂ ಒಸಿ ಮಾತಾಡ್ಸಿ."

ನನಗೆ ನಗು ಬಂತು, ಒಳಗೊಳಗೇ ಹೆಮ್ಮೆಯೂ ಆಯಿತು. ಆ ಹೆಮ್ಮೆಯನ್ನು ಇಲ್ಲಿ ಮುಚ್ಚಿಡುವುದಿಲ್ಲ.

ನಮ್ಮ ಕಡೆ ಆಗ ಹೆಂಗಸರದ್ದೊಂದು ಸಂಘವಿತ್ತು. ಹೊಲಿಗೆ ಕ್ಲಾಸು, ಬಾಣಂತಿಯರಿಗೆ ಹಾಲಿನ ಪುಡಿ, ವರ್ಷಕ್ಕೊಂದು ಹೂವಿನ ಪ್ರದರ್ಶನ. ಸಿದ್ದಾಪುರದ ಹಾದಿಯ ದೊಡ್ಡ ಬಂಗಲೆಯಲ್ಲಿದ್ದ ನನ್ನ ಕಾನ್ವೆಂಟ್ ಗೆಳತಿ ಅದರ ಅಧ್ಯಕ್ಷೆ, ನಾನು ಸೆಕ್ರೆಟರಿ. ನಾವಿಬ್ಬರೂ ಏಳು ವರ್ಷ ಒಂದೇ ಬೆಂಚಿನವರು. ಲೆಕ್ಕದಲ್ಲಿ ಅವಳು ನನ್ನದನ್ನು ನೋಡಿ ಬರೆಯುತ್ತಿದ್ದಳು. ಹಾಡುವಾಗ ನಾನು ಅವಳ ದನಿಯ ಹಿಂದೆ ಅಡಗಿಕೊಳ್ಳುತ್ತಿದ್ದೆ. ಅವಳ ಗಂಡ ರಾಜಕೀಯದಲ್ಲಿದ್ದವರು. ವಾರಕ್ಕೆರಡು ಸಲ ಅವರ ಜೀಪು ಮಡಿಕೇರಿಗೆ ಹೋಗುತ್ತಿತ್ತು. ನಾನು ದಾರಿಯ ವಿಷಯ ಹೇಳಿದಾಗ ಗೆಳತಿ ಕೈಯಲ್ಲಿದ್ದ ಟೀ ಕಪ್ಪನ್ನು ಕೆಳಗಿಟ್ಟಳು.

"ವಂಡರ್‌ಫುಲ್! ಹೂವಿನ ಶೋ ಮಾಡಿ ಮಾಡಿ ನನಗೂ ಬೋರಾಗಿದೆ ಕಣೇ. ಇದು ನಿಜವಾದ ಕೆಲಸ. ನೀನು ಅರ್ಜಿ ಬರೆ, ಎಲ್ಲಾ ಹೆಂಗಸರ ಹೆಬ್ಬೆಟ್ಟು ಹಾಕ್ಸು. ಇವರೇ ತಗೊಂಡು ಹೋಗಿ ಮೇಲಿನವರ ಕೈಗೆ ಕೊಡ್ತಾರೆ."

"ನಾನೂ ಸಹಿ ಹಾಕಲಾ?" ಎಂದು ಕೇಳಿದೆ.

"ನೀನ್ಯಾಕೆ? ಲೈನಿನವರ ಅರ್ಜಿ ಲೈನಿನವರದ್ದೇ ಆಗಿರಲಿ. ಆಗಲೇ ಅದಕ್ಕೆ ತೂಕ."

ಆ ಮಾತು ನನಗೆ ಬಹಳ ಸರಿ ಎನಿಸಿತು.

ಎರಡು ದಿನ ಕೂತು ಬರೆದೆ. ನಡೆದು ಬಂದ ದಾರಿಯನ್ನು ಮುಚ್ಚುವುದು ನ್ಯಾಯವಲ್ಲ, ತಲೆಮಾರುಗಳಿಂದ ಕಾಲು ಬಿದ್ದ ನೆಲದ ಮೇಲೆ ನಡೆಯುವವರಿಗೂ ಒಂದು ಹಕ್ಕು ಹುಟ್ಟುತ್ತದೆ, ಕುಡಿಯುವ ನೀರಿಗೆ ಹೋಗುವವರನ್ನು ಜಾತಿ ನೋಡಿ ತಡೆಯಬಾರದೆಂದು ಈಗ ಕಾನೂನೇ ಇದೆ, ಎಂದೆಲ್ಲ. ಮುಂದಿನ ಭಾನುವಾರ ನಾಲ್ಕು ಫುಲ್‌ಸ್ಕೇಪ್ ಹಾಳೆ, ಶಾಯಿ, ಹಳೆಯ ಫ್ಲಾನೆಲ್ ಮಡಿಸಿ ನಾನೇ ಮಾಡಿದ ಶಾಯಿಯ ಪ್ಯಾಡು ಹಿಡಿದು ಲೈನಿಗೆ ಹೋದೆ. ಹುಣಿಸೆಹಣ್ಣಿನ ಒಂದು ಉಂಡೆಯನ್ನೂ ಒಯ್ದಿದ್ದೆ. ಕಾಫಿ ಹಣ್ಣು ಕುಯ್ದ ಕೈಗಳಿಗೆ ಕಪ್ಪು ಅಂಟು ಹತ್ತಿಕೊಂಡಿರುತ್ತದೆ, ಅದನ್ನು ತಿಕ್ಕಿ ತೆಗೆಯದಿದ್ದರೆ ಹೆಬ್ಬೆಟ್ಟಿನ ಗೆರೆ ಮೂಡುವುದಿಲ್ಲ.

ಅರ್ಜಿಯನ್ನು ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ಹೆಬ್ಬೆಟ್ಟಿನ ಮೊದಲ ಹಾಳೆಯನ್ನು ದೊಡ್ಡಕ್ಕನ ಮುಂದೆ ಹಿಡಿದೆ. ಪ್ರತಿ ಹಾಳೆಯ ನೆತ್ತಿಯ ಮೇಲೆ 'ಹೊಳೆ ದಾರಿಯ ಅರ್ಜಿ' ಎಂದು ಬರೆದುಕೊಂಡು ಹೋಗಿದ್ದೆ. ಅವಳು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಇದೇನಮ್ಮಾವ್ರೇ, ಮ್ಯಾಲೆ ಬರ್ದದೆ?"

"ಅರ್ಜಿ ಯಾವುದರದ್ದು ಅಂತ ಬರೆದಿದೀನಿ. ಬೇಕಾದರೆ ಇನ್ನೊಂದು ಸಲ ಓದ್ತೀನಿ."

"ಓದೋರು ಓದ್ತಾರೆ. ನಮ್ ಮೇಸ್ತ್ರಿನೂ ಓದ್ದ. ಒಂದೊರ್ಸದ ಕೆಲ್ಸ ಅಂತ ಓದ್ದ, ಬೆಟ್ಟು ಒತ್ತಿದ್ ಮ್ಯಾಕೆ ಅದು ಮೂರೊರ್ಸ ಆಯ್ತು. ಬರ್ದಿರೋ ಕಾಗ್ದಕ್ಕೆ ನಾವು ಬೆಟ್ಟು ಮಡಗಕಿಲ್ಲ. ಬರೀ ಕಾಗ್ದ ಕೊಡಿ, ಎಷ್ಟ್ ಬೇಕಾದ್ರೂ ಒತ್ತೀವಿ."

ಹಿಂದಿನಿಂದ ಇನ್ನೊಬ್ಬಳು, ಮಲಯಾಳದ ಕಡೆಯವಳು, "ಅಕ್ಷರ ಕಚ್ಚುತ್ತದೆ ಅಮ್ಮಾ," ಎಂದಳು. ಎಲ್ಲರೂ ನಕ್ಕರು. ಆದರೆ ಯಾರ ಕೈಯೂ ಮುಂದೆ ಬರಲಿಲ್ಲ.

ನಾನು ವಾದಿಸಿ ನೋಡಿದೆ. ಖಾಲಿ ಕಾಗದಕ್ಕೆ ಒತ್ತುವುದೇ ಅಪಾಯ, ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಳ್ಳಬಹುದು ಎಂದೆ. ದೊಡ್ಡಕ್ಕ ನನ್ನನ್ನು ಕನಿಕರದಿಂದ ನೋಡಿದಳು. "ಅದು ನಿಮ್ ಕೈಯಾಗೇ ತಾನೇ ಇರೋದು? ನೀವೇನ್ ಬರ್ಕತೀರಾ, ಸುಮ್ಕಿರಿ." ಅವರ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಬರೆದ ಕಾಗದ ಅವರನ್ನು ಕಟ್ಟಿಹಾಕಿದ್ದು ಅನುಭವ. ಖಾಲಿ ಕಾಗದ ಯಾವತ್ತೂ ಏನೂ ಮಾಡಿರಲಿಲ್ಲ. ಕೊನೆಗೆ ನಾನೇ ಸೋತು ಮನೆಗೆ ಹೋಗಿ ಬೇರೆ ನಾಲ್ಕು ಬಿಳಿ ಹಾಳೆ ತಂದೆ. ಹೆಬ್ಬೆಟ್ಟಿನ ಪಕ್ಕ ಹೆಸರು ಬರೆಯಬಹುದೇ ಎಂದು ಕೇಳಿದೆ. "ನಮ್ ಹೆಸ್ರು ನಮ್ದೇ ಅಲ್ವಾ, ಅದೇನ್ ಕಚ್ಚಾಕಿಲ್ಲ, ಬರ್ಕಳಿ," ಎಂದಳು.

ಹೆಸರು ಬರೆಯುವುದೂ ಸುಲಭವಿರಲಿಲ್ಲ. ಕೂಲಿಯ ಪಟ್ಟಿಯಲ್ಲಿ ಅವರೆಲ್ಲ ಇಂಥವನ ಹೆಂಡತಿ, ಇಂಥವನ ತಾಯಿ. ನಿನ್ನದೇ ಹೆಸರು ಹೇಳು ಎಂದರೆ ಒಬ್ಬ ಎಳೆಯ ಹೆಂಗಸು ಕೆನ್ನೆ ಕೆಂಪು ಮಾಡಿಕೊಂಡು ಪಕ್ಕದವಳ ಬೆನ್ನ ಹಿಂದೆ ಸರಿದಳು. "ಹೇಳೇ, ನಿನ್ ಗಂಡನ್ ಹೆಸ್ರು ಕೇಳ್ಳಿಲ್ಲ, ನಿಂದೇ ಕೇಳಿದ್ದು!" ಎಂದು ದೊಡ್ಡಕ್ಕ ರೇಗಿಸಿದಳು. ಕೆಲವರ ಹೆಬ್ಬೆಟ್ಟಿನಲ್ಲಿ ಎಷ್ಟು ತಿಕ್ಕಿದರೂ ಗೆರೆ ಬರಲಿಲ್ಲ. ಕೆಲಸ ಮಾಡಿ ಮಾಡಿ ಬೆರಳು ಸವೆದು ಹೋಗಿತ್ತು. ಅಂಥವರದ್ದು ಬರಿಯ ನೀಲಿ ಕಲೆ, ನೇರಳೆ ಹಣ್ಣು ಜಜ್ಜಿದ ಹಾಗೆ. ನಾನು ಅದರ ಪಕ್ಕ ಹೆಸರನ್ನು ಇನ್ನಷ್ಟು ಸ್ಪಷ್ಟವಾಗಿ ಬರೆದೆ.

ಮನೆಗೆ ಬಂದು ಅರ್ಜಿಯ ಪುಟವನ್ನು ಮೇಲಿಟ್ಟು, ನಾಲ್ಕು ಹಾಳೆಗಳನ್ನು ಕೆಳಗಿಟ್ಟು, ಎಡ ಅಂಚಿನಲ್ಲಿ ಬೆಂಕಿಕಡ್ಡಿಯಿಂದ ಅಳತೆ ಹಿಡಿದು ಐದು ತೂತು ಮಾಡಿ ಕೆಂಪು ಕಸೂತಿ ದಾರದಿಂದ ಹೊಲಿದೆ. ಸರ್ಕಾರಿ ಟ್ಯಾಗು ಎಲ್ಲಿ ಸಿಗುತ್ತದೆಂದು ನನಗೆ ತಿಳಿದಿರಲಿಲ್ಲ. ಗುಂಡಿಯ ತೂತಿಗೆ ಹಾಕುವಂಥ ಕಾಜಾ ಹೊಲಿಗೆ ಹಾಕಿದೆ, ಬಿಚ್ಚಿಕೊಳ್ಳಬಾರದಲ್ಲ. ಗೆಳತಿ ಅದನ್ನು ಕೈಯಲ್ಲಿ ಹಿಡಿದು, "ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ನಿನಗೆ ಪ್ರೈಜ್ ಕೊಡ್ತಿದ್ದರು," ಎಂದು ನನ್ನ ಭುಜ ತಬ್ಬಿಕೊಂಡಳು.

ಸಂಕ್ರಾಂತಿ ಕಳೆದು ಗೇಟಿಗೆ ಬೀಗ ಬಿತ್ತು.

ಲೈನಿನ ಹೆಂಗಸರಿಗೆ ಮೊದಲು ಗಾಬರಿಯಾಗಲಿಲ್ಲ. ಅರ್ಜಿ ಹೋಗಿದೆ, ಉತ್ತರ ಬರುತ್ತದೆ ಎಂದು ಅವರೂ ನಂಬಿದ್ದರು. ಕೊಡ ಹೊತ್ತು ಬಸ್ಸಿನ ರಸ್ತೆ ಸುತ್ತುವಾಗ ನಮ್ಮ ಮನೆಯ ಮುಂದೆ ನಿಂತು ಕೇಳುತ್ತಿದ್ದರು: "ಬಂತಾ ಅಮ್ಮಾವ್ರೇ?" ನಾನು ಗೆಳತಿಯನ್ನು ಕೇಳುತ್ತಿದ್ದೆ. "ಫೈಲ್ ಮೂವ್ ಆಗ್ತಾ ಇದೆ ಕಣೇ, ಸರ್ಕಾರ ಅಂದರೆ ನಿನ್ನ ಅಡುಗೆಮನೆಯಾ, ಇಟ್ಟ ತಕ್ಷಣ ಬೇಯೋಕೆ?" ನಾನು ಅದನ್ನೇ ಸ್ವಲ್ಪ ಮೆತ್ತಗೆ ಮಾಡಿ ಹೆಂಗಸರಿಗೆ ಹೇಳುತ್ತಿದ್ದೆ. ಒಂದು ದಿನ, ಹೆಸರು ಹೇಳಲು ನಾಚಿದ್ದ ಆ ಎಳೆಯ ಹೆಂಗಸು ಬಸುರಿಯ ಹೊಟ್ಟೆ ಹೊತ್ತು ಎರಡನೆಯ ಸುತ್ತು ನೀರಿಗೆ ಹೋಗುತ್ತಿದ್ದಳು. ಅವಳ ಒಂದು ಕಾಲಿನ ಹಿಮ್ಮಡಿ ಒಡೆದು, ರಸ್ತೆಯ ಧೂಳಿನಲ್ಲಿ ಹೆಜ್ಜೆಗೊಂದು ಸಣ್ಣ ಒದ್ದೆ ಗುರುತು ಬೀಳುತ್ತಿತ್ತು. ಕಡವಿನಲ್ಲಿ ಯಾರೋ ಅವಳ ಕೊಡಕ್ಕೆ ಕೋಲಿನಿಂದ ತಟ್ಟಿ ಕೆಳಗೆ ಹೋಗು ಎಂದಿದ್ದರಂತೆ. ಆವತ್ತು ನಾನು ಬಸ್ಸು ಹತ್ತುವುದೆಂದು ತೀರ್ಮಾನಿಸಿದೆ.

ಮಡಿಕೇರಿಯಲ್ಲಿ ನನ್ನ ಸೋದರಮಾವ ಇದ್ದರು, ಕೋಟೆಯೊಳಗಿನ ಕಚೇರಿಯಲ್ಲಿ ಹಳೆಯ ಕಾಗದಗಳನ್ನು ಕಾಯುವ ಕೆಲಸ. ನನ್ನ ತವರಿನವರಲ್ಲಿ ಕೊನೆಯವರೆಗೂ ಮನೆಮಾತಾದ ಅರೆಭಾಷೆಯನ್ನು ಬಿಡದೆ ಮಾತಾಡಿದವರು ಅವರೊಬ್ಬರೇ. ಮಂತ್ರಿಯೇ ಬಂದರೂ ಅದರಲ್ಲೇ ಮಾತಾಡುತ್ತಿದ್ದರು. ನಾನು ತವರಿಗೆ ಹೋಗುವ ನೆಪದಲ್ಲಿ ಅವರ ಕಚೇರಿಗೆ ಹೋಗಿ ಅರ್ಜಿಯ ವಿಷಯ ಹೇಳಿದೆ. ಅವರು ಬಂದ ಕಾಗದಗಳನ್ನು ದಾಖಲಿಸುವ ದೊಡ್ಡ ಪುಸ್ತಕ ತರಿಸಿ ಡಿಸೆಂಬರಿನಿಂದ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಎರಡು ಸಲ ನೋಡಿದರು.

"ಇದ್ರಲ್ಲಿ ಎಲ್ಲೂ ಇಲ್ಲೆ ಮಗಾ."

"ಸರಿಯಾಗಿ ನೋಡಿ ಮಾವ. ಕೈಯಲ್ಲೇ ಕೊಟ್ಟಿದ್ದಾರಂತೆ."

"ಕೈಲಿ ಕೊಟ್ಟರೂ ತಲೇಲಿ ಕೊಟ್ಟರೂ ಇದ್ರಲ್ಲಿ ಬರಿಯದೆ ಒಳಗೆ ಹೋಗೋ ಹಂಗೆ ಇಲ್ಲೆ." ಮಾವ ಕನ್ನಡಕ ತೆಗೆದು ಕೋಟಿನ ಅಂಚಿನಲ್ಲಿ ಒರೆಸಿದರು. ಅದನ್ನು ಮತ್ತೆ ಏರಿಸಿಕೊಂಡು, "ಆದರೆ ನಿನ್ನ ಅಕ್ಷರ ನಾ ಎಲ್ಲಿಯೋ ನೋಡಿದ್ದುಟ್ಟು," ಎಂದರು.

ಒಳಗಿನ ಕೋಣೆಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಕೆಂಪು ಬಟ್ಟೆಯ ಕಟ್ಟುಗಳು. ಕರ್ಪೂರ ಮತ್ತು ಇಲಿ ಎರಡರ ವಾಸನೆಯೂ ಇತ್ತು. ಆ ವರ್ಷ ರಾಜ್ಯಗಳ ಗಡಿಯನ್ನು ಹೊಸದಾಗಿ ಬರೆಯುವ ವಿಚಾರಣೆ ನಡೆಯುತ್ತಿತ್ತು. ಕೊಡಗು ಕೊಡಗಾಗಿಯೇ ಇರಬೇಕು ಎನ್ನುವವರದ್ದೊಂದು ಗುಂಪು, ಮೈಸೂರಿಗೆ ಸೇರಬೇಕು ಎನ್ನುವವರದ್ದೊಂದು ಗುಂಪು. ಎರಡೂ ಕಡೆಯವರು ದೆಹಲಿಗೆ ಕಳಿಸಿದ ಮನವಿಗಳ ಒಂದೊಂದು ಪ್ರತಿ ಇಲ್ಲಿಗೂ ಬಂದಿತ್ತು. ಅವುಗಳ ಕಟ್ಟನ್ನು ಮಾವ ಕಿಟಕಿಯ ಬಳಿ ಬಿಚ್ಚಿ, ನಡುವಿನಿಂದ ಒಂದನ್ನು ಎಳೆದು ನನ್ನ ಮುಂದಿಟ್ಟರು.

ಮೇಲಿನ ಪುಟ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ಕೆಳಗೆ ರುಜು ಮಾಡಿರುವ ಕೊಡಗಿನ ಮಹಿಳೆಯರಾದ ನಾವು, ನಮ್ಮ ನಾಡು ಪ್ರತ್ಯೇಕ ರಾಜ್ಯವಾಗಿಯೇ ಉಳಿಯಬೇಕೆಂದೂ ಮೈಸೂರಿಗೆ ಸೇರಿಸಬಾರದೆಂದೂ ಬೇಡಿಕೊಳ್ಳುತ್ತೇವೆ, ಎಂದು ಅದರ ತಾತ್ಪರ್ಯ. ಕೆಳಗೆ ನನ್ನ ಗೆಳತಿಯ ಸಹಿ, ಅಧ್ಯಕ್ಷೆ ಎಂದು. ಪುಟ ತಿರುಗಿಸಿದೆ. ನೀಲಿ ಹೆಬ್ಬೆಟ್ಟುಗಳು. ಪ್ರತಿಯೊಂದರ ಪಕ್ಕ ನನ್ನ ದುಂಡು ಅಕ್ಷರ. ಮೊದಲನೆಯದು ದೊಡ್ಡಕ್ಕನದು. ಮೂರನೆಯ ಹಾಳೆಯಲ್ಲಿ ತನ್ನ ಹೆಸರು ಹೇಳಲು ನಾಚಿದವಳದು. ಗೆರೆಯೇ ಇಲ್ಲದ ಆ ನೇರಳೆ ಕಲೆಗಳು.

ನನ್ನ ಕಣ್ಣು ಎಡ ಅಂಚಿಗೆ ಹೋಯಿತು. ಟೈಪು ಮಾಡಿದ ಪುಟದಲ್ಲಿ ಟ್ಯಾಗು ಪೋಣಿಸಿದ ದೊಡ್ಡ ತೂತು ಒಂದೇ. ನನ್ನ ನಾಲ್ಕು ಹಾಳೆಗಳಲ್ಲಿ ಆ ತೂತಿನ ಜೊತೆಗೆ ಒಂದೇ ಅಳತೆಯಲ್ಲಿ ಐದು ಸಣ್ಣ ತೂತುಗಳು. ಅದರಲ್ಲೊಂದರಲ್ಲಿ ಕೆಂಪು ದಾರದ ಒಂದು ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಕಾಜಾ ಹೊಲಿಗೆ ಬಿಚ್ಚಬೇಕಾದರೆ ಸಣ್ಣ ಕತ್ತರಿ ಬೇಕು, ತಾಳ್ಮೆ ಬೇಕು. ಕಾಗದ ಎಲ್ಲೂ ಹರಿದಿರಲಿಲ್ಲ. ಹೊಲಿಗೆ ಗೊತ್ತಿದ್ದ ಕೈಯೇ ಬಿಚ್ಚಿದೆ ಎಂಬುದು ನನಗೆ ಅಷ್ಟರಲ್ಲೇ ತಿಳಿಯಿತು.

"ಇದು ನೀನೇ ಬರ್ದದ್ದಾ?" ಎಂದರು ಮಾವ.

"ಹೆಸರು ನಾನು ಬರೆದದ್ದು ಮಾವ. ಮೇಲಿನದು ನಂದಲ್ಲ."

ಅವರು ನನ್ನ ಮುಖ ನೋಡಿದರು, ಹಾಳೆ ನೋಡಿದರು, ಮತ್ತೆ ಟ್ಯಾಗು ಬಿಗಿದು ಕಟ್ಟಿನೊಳಗೆ ಸೇರಿಸಿದರು. "ಸರ್ಕಾರಕ್ಕೆ ಬಂದ ಕಾಗದ ಮಗಾ. ಇನ್ನು ಇದ್ನ ಯಾರೂ ತೆಗಿಯೋ ಹಂಗೆ ಇಲ್ಲೆ. ಇನ್ನು ನೂರು ವರ್ಷ ಹೋದರೂ ಇವರು ಹಿಂಗೇ ಹೇಳಿದೊ ಅಂತಲೇ ಇರ್ತದೆ."

ಅದು ಸರ್ಕಾರಿ ನೌಕರನ ಸಾದಾ ಮಾತು. ಬಸ್ಸಿನಲ್ಲಿ ಸುಂಟಿಕೊಪ್ಪ ದಾಟುವವರೆಗೂ ನನ್ನ ಕಿವಿಯಲ್ಲಿ ಅದೇ ಇತ್ತು. ನನ್ನನ್ನು ಕೇಳಿದ್ದರೆ, ಕೊಡಗು ಬೇರೆಯಾಗಿಯೇ ಇರಲಿ ಎಂದು ನಾನೇ ಸಹಿ ಹಾಕುತ್ತಿದ್ದೆನೇನೋ. ನನಗೂ ಆ ಚಿಕ್ಕ ರಾಜ್ಯದ ಮೇಲೆ ಪ್ರೀತಿಯಿತ್ತು. ಆದರೆ ಅವರನ್ನು ಯಾರೂ ಕೇಳಿರಲಿಲ್ಲ. ಅವರು ಕೇಳಿದ್ದು ನೀರಿಗೆ ಹೋಗುವ ದಾರಿ.

ಮಾರನೆಯ ದಿನ ಗೆಳತಿಯ ಬಂಗಲೆಗೆ ಹೋದೆ. ಅವಳು ಜಗಲಿಯಲ್ಲಿ ಕೂತು ಡೇಲಿಯಾ ಗೆಡ್ಡೆಗಳಿಗೆ ಚೀಟಿ ಕಟ್ಟುತ್ತಿದ್ದಳು. ನಾನು ಕೂರಲಿಲ್ಲ.

"ಅರ್ಜಿಯ ಮೇಲಿನ ಪುಟ ಎಲ್ಲಿದೆ?" ಎಂದೆ.

ಅವಳು ತಲೆಯೆತ್ತಿದಳು. ನನಗೆ ಗೊತ್ತಾಗಿದೆಯೆಂದು ಅವಳಿಗೆ ಗೊತ್ತಾಗಲು ಕ್ಷಣವೂ ಬೇಕಾಗಲಿಲ್ಲ. ಏಳು ವರ್ಷದ ಬೆಂಚು ಅದು.

"ಎಲ್ಲೋ ಇರಬೇಕು. ಹುಡುಕಿಸ್ತೀನಿ. ನೀನು ಮೊದಲು ಕೂತ್ಕೋ."

"ಬಿಚ್ಚಿದ್ದು ನೀನಾ?"

"ಡೋಂಟ್ ಬಿ ಸಿಲ್ಲಿ. ನಿನ್ನ ಹಾಗೆ ಹೊಲಿಯೋಕೆ ಬರದಿದ್ದರೂ ಬಿಚ್ಚೋಕೆ ಬರುತ್ತೆ ನನಗೆ." ನಗಲು ನೋಡಿದಳು, ನಾನು ನಗಲಿಲ್ಲ. "ನೋಡು, ಮೊದಲು ಹಾಗೆ ಅಂದುಕೊಂಡಿರಲಿಲ್ಲ. ದೇವರಾಣೆ. ದಾರಿ ಅರ್ಜಿ ಕೊಡೋದೇ ಅಂತ ಇದ್ದಿದ್ದು. ಅಷ್ಟರಲ್ಲಿ ಆ ಎಸ್ಟೇಟಿನವರೂ ಕೊಡಗು ಬೇರೆಯಾಗೇ ಇರಲಿ ಅಂತ ನಮ್ಮ ಕಡೆಗೇ ಬಂದುಬಿಟ್ಟರು. ಅವರ ಮೇಲೆ ಅರ್ಜಿ ಕೊಟ್ಟು ಅವರ ಜೊತೆ ಹೇಗೆ ಕೂರೋದು? ಹೆಂಗಸರ ಮನವಿ ಒಂದು ಬೇಕು ಅಂತ ಇವರು ಹೇಳಿದರು, ದಿನ ಇರಲಿಲ್ಲ. ಹಾಳೆ ಕೈಯಲ್ಲೇ ಇತ್ತು."

"ಅದು ಅವರ ಬೆರಳು ಕಣೇ."

"ಖಾಲಿ ಹಾಳೆ ತಂದು ಕೊಟ್ಟವಳು ನೀನು. ಅದರ ಮೇಲೆ ದಾರಿ ಅಂತ ಎಲ್ಲಿ ಬರೆದಿತ್ತು? ಅವರಿಗೆ ಕೊಡಗು ಯಾವುದು ಮೈಸೂರು ಯಾವುದು ಏನು ಗೊತ್ತು? ಯಾರಿಗೆ ನಷ್ಟ ಆಯ್ತು ಹೇಳು."

"ಗೇಟಿಗೆ ಬೀಗ ಬಿತ್ತು."

"ಅದು ಹೇಗೂ ಬೀಳ್ತಿತ್ತು." ಅವಳು ಡೇಲಿಯಾ ಗೆಡ್ಡೆಯ ಮಣ್ಣನ್ನು ಉಗುರಿನಿಂದ ಕೆರೆದಳು. "ನನ್ನನ್ನೊಬ್ಬಳನ್ನೇ ಹಾಗೆ ನೋಡಬೇಡ. ಹಾಳೆ ಜೋಡಿಸೋವಾಗ ನಿನ್ನ ಮನೆಯವರೂ ಇಲ್ಲೇ ಕೂತಿದ್ದರು. ಅವರನ್ನೂ ಕೇಳು."

ನಾನು ಅವರ ಗೇಟು ದಾಟಿ ರಸ್ತೆಗೆ ಬರುವವರೆಗೂ ಅವಳು ಹಿಂದಿನಿಂದ ಕರೆಯುತ್ತಿದ್ದಳು, ನಮ್ಮ ಶಾಲೆಯ ದಿನದ ಅಡ್ಡಹೆಸರಿನಿಂದ. ಅವರ ಮನವಿಯಿಂದಲೂ ಏನೂ ಆಗಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿದೆ. ಕೊಡಗು ಮೈಸೂರಿಗೆ ಸೇರಿತು. ನಾನು ಮತ್ತೆ ಆ ಜಗಲಿ ಹತ್ತಲಿಲ್ಲ.

ನಮ್ಮವರು ಕಣದಲ್ಲಿ ಒಣಹಾಕಿದ ಕಾಫಿ ತಿರುವುತ್ತಿದ್ದರು. ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ.

"ಗೊತ್ತಿತ್ತು," ಎಂದರು. "ನಾ ಎಂಥ ಹೇಳ್ದು ಮಾರಾಯ್ತಿ? ಅಲ್ಲಿ ದೊಡ್ಡವರೆಲ್ಲ ಇದ್ದೊ."

"ಮನೆಗೆ ಬಂದು ನನಗೆ ಹೇಳಬಹುದಿತ್ತಲ್ಲ."

"ಹೇಳಿರೆ ನೀ ಬೇಜಾರು ಮಾಡ್ಕೊತಿದ್ದೆ."

ನನ್ನ ಬೇಜಾರನ್ನು ತಪ್ಪಿಸಲು ಮೂರು ತಿಂಗಳು ಅವರು ನನ್ನ ಪಕ್ಕದಲ್ಲೇ ಕೂತು ಊಟ ಮಾಡಿದ್ದರು. "ಬಂತಾ ಅಮ್ಮಾವ್ರೇ" ಎಂದು ಆ ಹೆಂಗಸರು ಕೇಳಿದಾಗಲೆಲ್ಲ ಜಗಲಿಯಲ್ಲಿ ಅವರೂ ಇರುತ್ತಿದ್ದರು. ಪೇಪರಿನಿಂದ ತಲೆಯೆತ್ತುತ್ತಿರಲಿಲ್ಲ. ಗೆಳತಿಯ ಮೇಲೆ ಬಂದ ಸಿಟ್ಟಿಗೆ ಒಂದು ಆಕಾರವಿತ್ತು. ಇದಕ್ಕೆ ಏನೂ ಇರಲಿಲ್ಲ. ನಾನು ಒಳಗೆ ಹೋಗಿ ಅಕ್ಕಿ ತೊಳೆದೆ. ತೊಳೆದ ಅಕ್ಕಿಯನ್ನೇ ಮತ್ತೊಮ್ಮೆ ತೊಳೆದೆ.

ಭಾನುವಾರ ಲೈನಿಗೆ ಹೋದೆ. ಹೇಳದೆ ಇದ್ದರೂ ಆಗುತ್ತಿತ್ತು, ಫೈಲು ಎಲ್ಲೋ ಕಳೆದುಹೋಯಿತೆಂದರೆ ಅವರು ನಂಬುತ್ತಿದ್ದರು. ಆದರೆ ಹೆಬ್ಬೆಟ್ಟು ಒತ್ತಿಸಿಕೊಂಡವಳು ನಾನು. ಜಗಲಿಯ ಅಂಚಿನಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬಳು ಮೊರದಲ್ಲಿದ್ದ ರಾಗಿಯನ್ನು ಸುಮ್ಮನೆ ಅಲ್ಲಾಡಿಸುತ್ತಿದ್ದಳು. ಆಮೇಲೆ ದೊಡ್ಡಕ್ಕ ಕೇಳಿದಳು:

"ಮೈಸೂರು ಬ್ಯಾಡ ಅಂತ ನಾನು ಒತ್ತಿವ್ನಿ ಅನ್ನಿ."

"ಹಾಗಂತ ಬರೆದಿದೆ."

"ನಮ್ಮವ್ವ ಅಪ್ಪ ಇನ್ನೂ ಅಲ್ಲೇ ಅವ್ರೆ!" ಅವಳು ಜೋರಾಗಿ ನಕ್ಕಳು. ಉಳಿದವರೂ ನಕ್ಕರು. ನಗು ನಿಂತ ಮೇಲೆ ನನ್ನ ಕೈಯನ್ನು ನೋಡುತ್ತ ಮೆಲ್ಲಗೆ ಕೇಳಿದಳು: "ನಿಮ್ ಬೆಟ್ಟು ಅದ್ರಾಗೆ ಐತಾ ಅಮ್ಮಾವ್ರೇ?"

ಇಲ್ಲ ಎಂದೆ. 'ಲೈನಿನವರ ಅರ್ಜಿ ಲೈನಿನವರದ್ದೇ ಆಗಿರಲಿ' ಎಂಬ ಮಾತು ನನಗೆ ಆವತ್ತು ಯಾಕೆ ಅಷ್ಟು ಹಿತವಾಗಿ ಕೇಳಿಸಿತ್ತು ಎಂದು ಆಗ ಗೊತ್ತಾಯಿತು.

"ಇನ್ನೊಂದು ಅರ್ಜಿ ಬರೀತೀನಿ. ಈ ಸಲ ನಾನೇ ಮೊದಲು ಸಹಿ ಹಾಕ್ತೀನಿ, ನಾನೇ ಒಯ್ದು ಕೊಡ್ತೀನಿ," ಎಂದೆ.

"ಕಾಗ್ದ ಸಾಕು ಬಿಡಿ." ಅವಳು ಗುಡ್ಡದ ಕೆಳಗೆ ಕೈ ತೋರಿಸಿದಳು. "ನಿಮ್ ತೋಟದ ಕೆಳೀಕೂ ಹೊಳೆ ಹರೀತದಲ್ಲ. ಬೇಲಿಗೆ ಒಂದು ತಡಮೆ ಮಾಡ್ಕೊಡಿ, ನಾವು ದಾಟ್ಕಂಡು ಹೋಯ್ತೀವಿ. ಗಿಡ ಮುಟ್ಟಾಕಿಲ್ಲ."

ಬೇಲಿಯಲ್ಲಿ ಎರಡು ಮರದ ತುಂಡಿನ ಒಂದು ಮೆಟ್ಟಿಲು, ಅಷ್ಟೇ. ಇಷ್ಟು ತಿಂಗಳಲ್ಲಿ ಅದು ನನಗೆ ತೋಚಿಯೇ ಇರಲಿಲ್ಲ. ಪಕ್ಕದ ಎಸ್ಟೇಟಿನ ದಾರಿಯ ಬಗ್ಗೆ ಪುಟ ತುಂಬ ಬರೆದಿದ್ದೆ.

ಮೂರು ದಿನ ಬಾಯಿ ಬರಲಿಲ್ಲ. ನಾಲ್ಕನೆಯ ದಿನ ಕಾಫಿ ಕೊಡುವಾಗ ನಮ್ಮವರಿಗೆ ಹೇಳಿದೆ. ಅವರು ಲೋಟ ಕೆಳಗಿಡಲಿಲ್ಲ, ಸಿಟ್ಟಾಗಲೂ ಇಲ್ಲ.

"ಒಂದು ಸಲ ಬಿಟ್ಟರೆ ಅದು ಹಕ್ಕಾತದೆ. ನೀನೇ ಬರ್ದಿದ್ದೆಯಲ್ಲ ಅರ್ಜಿಲಿ, ಕಾಲು ಬಿದ್ದ ನೆಲದ ಮೇಲೆ ನಡಿಯೋರಿಗೂ ಹಕ್ಕು ಹುಟ್ಟುತ್ತದೆ ಅಂತ. ನಾ ಓದಿದ್ದುಟ್ಟು. ಚೆನ್ನಾಗಿ ಬರ್ದಿದ್ದೆ."

ನಾನು ಎದುರು ಹೇಳಬಹುದಿತ್ತು. ಹೇಳಬೇಕಾದ ವಾಕ್ಯಗಳೆಲ್ಲ ನನ್ನ ಹತ್ತಿರ ಇದ್ದವು, ನಾನೇ ಕಟ್ಟಿದ ವಾಕ್ಯಗಳು. ಒಂದು ದಿನ ಊಟ ಬಿಡಬಹುದಿತ್ತು, ತವರಿಗೆ ಹೋಗುತ್ತೇನೆ ಎನ್ನಬಹುದಿತ್ತು. ನಾನು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದೆ.

ಸಂಜೆ ಹೆಂಗಸರು ರಸ್ತೆಯಲ್ಲಿ ಬರುವುದು ಕಂಡಿತು. ಓಣಿಯ ತುದಿಯವರೆಗೆ ನಡೆದು ಹೋಗಿ ನಿಂತೆ.

"ಮನೆಯವರು ಒಪ್ಪಲಿಲ್ಲ," ಎಂದೆ.

ದೊಡ್ಡಕ್ಕ ಸಿಂಬಿಯನ್ನು ತಲೆಯ ಮೇಲೆ ಸರಿಮಾಡಿಕೊಂಡಳು. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ.

"ಆಗ್ಲಿ ಬಿಡಿ. ನೀವೇ ಬಂದು ಹೇಳಿದ್ರಲ್ಲ," ಎಂದಳು.

ಅವರು ಮುಂದೆ ಹೋದರು. ಮರುದಿನವೂ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಬಂದರು. ಆದರೆ ನಮ್ಮ ಮನೆಯ ಮುಂದೆ ಯಾರೂ ನಿಲ್ಲಲಿಲ್ಲ, ಯಾರೂ ಏನೂ ಕೇಳಲಿಲ್ಲ.